ಎರಡನೇ ಕೂಗಿನಿಂದ ಮೂರನೇ ಕೂಗಿನವರೆಗೆ

ನನ್ನ ಭಾವನನ್ನು ಕಣ್ಣಾರೆ ಕಂಡವರಿಗಿಂತ ಕಿವಿಯಾರೆ ಕೇಳಿದವರೇ ಹೆಚ್ಚು. ಕೋರ್ಟಿನ ಮೊದಲ ಮಹಡಿಯ ವರಾಂಡದಲ್ಲಿ ನಿಂತು ಅವರು ಒಂದು ಹೆಸರು ಕೂಗಿದರೆ ಗೇಟಿನಾಚೆ ಟೀ ಅಂಗಡಿಯಲ್ಲಿ ಕೂತವನು ಲೋಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ, ಅದು ಅವನ ಹೆಸರಲ್ಲದಿದ್ದರೂ. ವಕೀಲರಿಗೆ, ಗುಮಾಸ್ತರಿಗೆ, ಕಸ ಗುಡಿಸುವವರಿಗೆ, ಎಲ್ಲರಿಗೂ ಅವರು ಮೈಕಣ್ಣ. ಹುದ್ದೆ ಜವಾನನದು. ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು, ಒಳಗಿಂದ ಕ್ಲರ್ಕ್ ಹೇಳಿದ ಹೆಸರನ್ನು ಹೊರಗಿನವರಿಗೆ ಮೂರು ಸಲ ಕೂಗುವುದು ಅವರ ಕೆಲಸ. ಮೂರನೇ ಕೂಗಿಗೂ ಆ ಮನುಷ್ಯ ಬಾರದಿದ್ದರೆ ಅವನ ಅರ್ಜಿ ವಜಾ. ಮತ್ತೆ ವಕೀಲರ ಕಾಲು ಹಿಡಿಯಬೇಕು, ಮತ್ತೆ ಅರ್ಜಿ ಹಾಕಬೇಕು, ಮತ್ತೆ ತಿಂಗಳುಗಟ್ಟಲೆ ಕಾಯಬೇಕು.

ನಾನು ಅದೇ ಹಾಲಿನ ಬೆರಳಚ್ಚುಗಾರ. ಬಾಗಿಲಿನ ಹೊರಗೆ ಅಕ್ಕನ ಗಂಡ, ಒಳಗೆ ಅಕ್ಕನ ತಮ್ಮ. ಅವರು ಬಾಯಿ ಹರಿಯುವಂತೆ ಕೂಗುತ್ತಿದ್ದರು, ನಾನು ಬಾಯಿ ಮುಚ್ಚಿಕೊಂಡು ಟೈಪ್ ಮಾಡುತ್ತಿದ್ದೆ. ಕಾನೂನಿನ ಬಗ್ಗೆ ನನಗೆ ದೊಡ್ಡ ಭ್ರಮೆಗಳೇನೂ ಇರಲಿಲ್ಲ. ಕಟಕಟೆಯಲ್ಲಿ ನಿಂತ ಸಾಕ್ಷಿ ಬಿಕ್ಕಿ ಬಿಕ್ಕಿ ಅತ್ತರೂ ನನ್ನ ಯಂತ್ರದಲ್ಲಿ ಅದು ‘ಸಾಕ್ಷಿ ಉತ್ತರಿಸಲಿಲ್ಲ’ ಎಂದೇ ಬೀಳಬೇಕು. ಟೈಪಾದದ್ದು ಕಾನೂನು, ಉಳಿದದ್ದು ಗಾಳಿ ಎಂದು ನಾನು ಎಷ್ಟೋ ವರ್ಷ ನಂಬಿ ನೆಮ್ಮದಿಯಾಗಿದ್ದೆ.

ಭಾವ ಹಾಗಲ್ಲ. ಅವರಿಗೆ ತಮ್ಮ ಕೆಲಸದ ಬಗ್ಗೆ ವಿಪರೀತ ಹೆಮ್ಮೆ. ಬೇರೆ ಹಾಲುಗಳ ಜವಾನರು ಮೂರು ಕೂಗನ್ನೂ ಒಂದರ ಬಾಲಕ್ಕೆ ಒಂದು ಕಟ್ಟಿ ಒಗೆದುಬಿಡುತ್ತಿದ್ದರು. ಇವರು ಮೊದಲೆರಡನ್ನು ಬೇಗ ಬೇಗ ಕೂಗಿ, ಮೂರನೆಯದಕ್ಕೆ ಮೊದಲು ನಿಲ್ಲುತ್ತಿದ್ದರು. ಗಂಟಲು ಸರಿ ಮಾಡಿಕೊಳ್ಳುವರು. ಬಾಟಲಿಯ ಮುಚ್ಚಳ ಬಿಚ್ಚಿ ಒಂದು ಗುಟುಕು ನೀರು ಕುಡಿಯುವರು. ಕಟ್ಟೆಯ ಮೇಲೆ ಬಗ್ಗಿ ಅಂಗಳದತ್ತ ಕಣ್ಣು ಹಾಯಿಸುವರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಗಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡ ಯಾರೋ ಒಬ್ಬ ಏದುಸಿರು ಬಿಡುತ್ತ ಬಂದು ನಿಲ್ಲುತ್ತಿದ್ದ. ಮೂರು ಸಲ ಕೂಗಬೇಕು ಎಂದು ನಿಯಮ ಇತ್ತೇ ಹೊರತು ನಡುವೆ ಎಷ್ಟು ಹೊತ್ತು ಬಿಡಬೇಕು ಎಂದು ಯಾರೂ ಎಲ್ಲೂ ಬರೆದಿರಲಿಲ್ಲ. ಆ ನಡುವಿನ ಜಾಗ ಭಾವನ ಸ್ವಂತದ್ದು. ಎಷ್ಟು ಜನರ ಅರ್ಜಿ ಅಲ್ಲಿ ಬದುಕಿಕೊಂಡಿತೋ ಲೆಕ್ಕವಿಲ್ಲ.

“ನನ್ನ ಬಾಯಿಗೆ ಮೇಲು ಕೀಳು ಇಲ್ಲ ಕಣಯ್ಯ. ಕಾರಲ್ಲಿ ಬಂದವನಿಗೂ ಅದೇ ಮೂರು, ಕಾಲ್ನಡಿಗೇಲಿ ಬಂದವನಿಗೂ ಅದೇ ಮೂರು” ಎಂದು ಊಟದ ಡಬ್ಬಿ ಬಿಚ್ಚುವಾಗಲೆಲ್ಲ ನನಗೆ ಹೇಳುತ್ತಿದ್ದರು. ಅವರು ಮನೆ ಕಟ್ಟಿಸಲಿಲ್ಲ, ದೊಡ್ಡ ಹುದ್ದೆಗೆ ಏರಲಿಲ್ಲ. ಮೈಕಣ್ಣ ನನಗೆ ಅನ್ಯಾಯ ಮಾಡಿದ ಎಂದು ಯಾರೂ ಒಂದು ಮಾತು ಆಡಲಿಲ್ಲ ಎಂಬುದೊಂದೇ ಅವರು ಕೂಡಿಟ್ಟ ಆಸ್ತಿ. ನಾನು ರೇಗಿಸುತ್ತಿದ್ದೆನೇ ವಿನಾ ಅದನ್ನು ಅಲ್ಲಗಳೆದವನಲ್ಲ.

ಇಂಥ ಮನುಷ್ಯನ ಒಬ್ಬಳೇ ಮಗಳು ಪುಟ್ಟಿ. ಕಾನೂನು ಕಾಲೇಜಿಗೆ ಸೇರಿದಾಗ ಭಾವ ಕೋರ್ಟಿಗೆಲ್ಲ ಟೀ ಕುಡಿಸಿದರು. ಮಗಳು ಕಪ್ಪು ಕೋಟು ಹಾಕಿಕೊಂಡು ತಮ್ಮ ಹಾಲಿಗೇ ಬರುತ್ತಾಳೆ, ತಾವು ಅವಳ ಕಕ್ಷಿದಾರರ ಹೆಸರು ಕೂಗುತ್ತಾರೆ, ಅಲ್ಲಿಗೆ ತಮ್ಮ ಬದುಕು ಸಾರ್ಥಕ ಎಂದು ಅವರ ಲೆಕ್ಕಾಚಾರ. ಪುಟ್ಟಿ ಪಾಸಾದಳು, ಕೋಟು ಹೊಲಿಸಲಿಲ್ಲ. ಇನ್ನೂ ಓದುತ್ತೇನೆ ಎಂದಳು. ಏನು ಓದುತ್ತೀಯ ಎಂದರೆ, ಸಮಾಜಶಾಸ್ತ್ರದ ಕಣ್ಣಿನಿಂದ ಕಾನೂನು ಎಂದಳು.

“ಅಂದ್ರೆ ಏನೇ ಅದು?” ಎಂದು ಅಕ್ಕ ಕೇಳಿದಳು.

“ಕಾನೂನು ಏನು ಹೇಳತ್ತೆ ಅಂತ ಲೈಬ್ರರೀಲಿ ಗೊತ್ತಾಗತ್ತಮ್ಮ. ಅದು ಜನರ ನಡುವೆ ಬಂದಾಗ ಏನಾಗತ್ತೆ, ಯಾರಿಗೆ ಸಿಗತ್ತೆ, ಯಾರಿಗೆ ಸಿಗಲ್ಲ, ಯಾಕೆ ಸಿಗಲ್ಲ ಅನ್ನೋದನ್ನ ಕೋರ್ಟಲ್ಲೇ ಕೂತು ನೋಡ್ಬೇಕು.”

“ಅಂದ್ರೆ ಬೆಂಚ್ ಮೇಲೆ ಕೂತು ಬಂದವರು ಹೋದವರನ್ನ ನೋಡೋದು. ಅದಕ್ಕೆ ಡಿಗ್ರಿ ಕೊಡ್ತಾರಾ?” ಎಂದೆ ನಾನು. “ಹಾಗಾದ್ರೆ ನಮ್ಮ ಗೇಟಿನ ಟೀ ಅಂಗಡಿಯವನಿಗೆ ಎರಡು ಡಿಗ್ರಿ ಕೊಡ್ಬೇಕು.”

“ಕೊಡ್ಲಿ ಮಾವ, ನನ್ನ ಅಡ್ಡಿ ಏನಿಲ್ಲ” ಎಂದಳು. ಅವಳು ಅಷ್ಟು ಸುಲಭಕ್ಕೆ ಕೆಣಕಿಸಿಕೊಳ್ಳುವವಳಲ್ಲ.

ಮೊದಲು ಅವಳು ಬೇರೆ ಹಾಲುಗಳ ಮುಂದೆ ಕೂತಳು. ಬಂದು ವರದಿ ಒಪ್ಪಿಸುತ್ತಿದ್ದಳು. ಯಾರು ಬಾಗಿಲ ಹತ್ತಿರ ನಿಲ್ಲುತ್ತಾರೆ, ಯಾರು ಗೋಡೆಗೆ ಒರಗಿ ಕೂರುತ್ತಾರೆ, ಯಾರ ವಕೀಲರು ಹೊರಗೆ ಬಂದು ಮಾತಾಡಿಸುತ್ತಾರೆ, ಯಾರ ವಕೀಲರು ಹಾಲಿನೊಳಗಿಂದಲೇ ಕೈ ಆಡಿಸಿ ಸುಮ್ಮನಾಗಿಸುತ್ತಾರೆ. ನನಗೆ ಆಕಳಿಕೆ ಬರುತ್ತಿತ್ತು. ಭಾವನಿಗೆ ಮಾತ್ರ ಕಿವಿ ನೆಟ್ಟಗಾಗುತ್ತಿತ್ತು. ಒಂದು ದಿನ ಅವರೇ ಎದೆ ತಟ್ಟಿಕೊಂಡು ಕರೆದರು. “ಕಂಡವರ ಬಾಗಿಲಲ್ಲಿ ಯಾಕೆ ಕೂರ್ತೀಯ? ನಮ್ಮ ಹಾಲಿಗೆ ಬಾ. ಜನರನ್ನ ಹೇಗೆ ಕರೀಬೇಕು ಅಂತ ಒಂದು ಕಡೆಯಾದ್ರೂ ಸರಿಯಾಗಿ ನೋಡು.” ಪುಟ್ಟಿ ಹಿಂದೆ ಮುಂದೆ ನೋಡಿದಳು. ಸ್ವಂತ ಅಪ್ಪನನ್ನು ನೋಡಲು ಅವಳ ಮೇಷ್ಟ್ರು ಒಪ್ಪಲಿಕ್ಕಿಲ್ಲ ಎಂದಳು. ಮೇಷ್ಟ್ರು ಒಂದು ಷರತ್ತಿನ ಮೇಲೆ ಒಪ್ಪಿದರು: ನೋಡಬಹುದು, ಬಾಯಿ ಹಾಕುವಂತಿಲ್ಲ. ಆಮೇಲೆ ಜನರನ್ನು ವಿಚಾರಿಸಬಹುದು, ಆದರೆ ಕೂಗು ನಡೆಯುವಾಗ ಏನೇ ಆದರೂ ಅವಳು ಮಾತಾಡದೆ ಕೂತಿರಬೇಕು. ನೋಡುವವಳೇ ನಡೆಯುವುದನ್ನು ಬದಲಿಸಿದರೆ ನೋಡಿದ್ದಕ್ಕೆ ಬೆಲೆಯಿಲ್ಲವಂತೆ.

ಹಾಗೆ ಅವಳು ಮೆಟ್ಟಿಲ ತುದಿಗೆ ಎದುರಾಗಿದ್ದ ಬೆಂಚಿನ ಮೇಲೆ ಬಂದು ಕೂತಳು. ಮೊದಮೊದಲು ಭಾವ ಮಗಳಿಗೆ ಕೇಳಲಿ ಎಂದು ಇನ್ನೂ ಗಟ್ಟಿಯಾಗಿ ಕೂಗುತ್ತಿದ್ದರು. ಒಳಗೆ ನ್ಯಾಯಾಧೀಶರು ಒಂದೆರಡು ಸಲ ಹುಬ್ಬು ಗಂಟಿಕ್ಕಿದರು. ಬರಬರುತ್ತ ಇಬ್ಬರಿಗೂ ಅಭ್ಯಾಸವಾಯಿತು. ಭಾವ ಅವಳಿದ್ದಾಳೆ ಎಂಬುದನ್ನೇ ಮರೆತರು. ಅವಳು ಕೈಗಡಿಯಾರ ನೋಡುವುದು, ಬರೆದುಕೊಳ್ಳುವುದು, ಕೆಳಗಿಳಿದು ಹೋಗಿ ಜನರ ಪಕ್ಕ ಕೂತು ಮಾತಾಡುವುದು ಹೀಗೆ ಒಂದು ಬೇಸಿಗೆ ಕಳೆಯಿತು.

ಕಂಡದ್ದನ್ನು ಬರೆಯುವ ಮೊದಲು ಅಪ್ಪನಿಗೇ ಹೇಳಬೇಕೆಂದು ಅವಳು ನಿರ್ಧರಿಸಿದ್ದಳು. ಒಂದು ಸಂಜೆ ನಾನೂ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಭಾವ ತಟ್ಟೆಯ ಮುಂದೆ ಕೂತು, “ಏನಮ್ಮ, ನಮ್ಮ ಹಾಲಿಗೆ ಎಷ್ಟು ಮಾರ್ಕ್ಸು?” ಎಂದು ಕೇಳಿದರು. ಕೇಳಿದ ಧಾಟಿಯಲ್ಲಿ ಉತ್ತರ ಆಗಲೇ ಗೊತ್ತಿರುವ ಗತ್ತು ಇತ್ತು.

“ಅಪ್ಪ, ನೀವು ಎಲ್ಲರಿಗೂ ಒಂದೇ ಥರ ಕಾಯಲ್ಲ” ಎಂದಳು ಪುಟ್ಟಿ.

ಭಾವ ನಕ್ಕರು. ತಮಾಷೆ ಎಂದುಕೊಂಡರು.

“ನಿಜವಾಗ್ಲೂ. ಎರಡನೇ ಸಲ ಕೂಗಿದ ಮೇಲೆ ನೀವು ವರಾಂಡದ ಕಡೆ ನೋಡ್ತೀರ. ಅಲ್ಲಿ ನಿಂತವರು ಯಾರಾದ್ರೂ ‘ಬಂದ, ಬಂದ, ಕೆಳಗಿದಾನೆ’ ಅಂತ ಕೈ ಎತ್ತಿದ್ರೆ ನೀರು ಕುಡೀತೀರ, ಕಾಯ್ತೀರ. ಯಾರೂ ಏನೂ ಅನ್ನದಿದ್ರೆ ಮೂರನೇದು ಕೂಗಿಬಿಡ್ತೀರ. ಗಂಡಸರಿಗೆ ಯಾವಾಗ್ಲೂ ಯಾರೋ ಒಬ್ಬ ಇರ್ತಾನೆ, ಅಣ್ಣನೋ ಸ್ನೇಹಿತನೋ ಜೊತೇಲಿ ಬೀಡಿ ಸೇದಿದವನೋ. ಒಂಟಿಯಾಗಿ ಬರೋ ಹೆಂಗಸರಿಗೆ ಯಾರೂ ಇರಲ್ಲ. ಅವರು ವರಾಂಡದಲ್ಲಿ ನಿಲ್ಲೋದೂ ಇಲ್ಲ. ಅಲ್ಲಿ ಎದುರು ಕಡೆಯವರು ನಿಂತು ದುರುಗುಟ್ಟಿ ನೋಡ್ತಿರ್ತಾರೆ. ಅದಕ್ಕೆ ಕೆಳಗೆ ನಲ್ಲಿ ಹತ್ರ ಹೋಗಿ ಕೂರ್ತಾರೆ. ನಿಮ್ಮ ಕೂಗು ಅವರಿಗೆ ಕೇಳ್ಸತ್ತೆ. ಓಡಿ ಬರೋ ಅಷ್ಟರಲ್ಲಿ ಮೂರೂ ಮುಗಿದಿರತ್ತೆ. ನಮ್ಮ ಹಾಲಲ್ಲಿ ಬಂದೂ ಬರಲಿಲ್ಲ ಅಂತ ವಜಾ ಆದವರಲ್ಲಿ ಅವರೇ ಹೆಚ್ಚು, ಅಪ್ಪ.”

ನಾನು ತಟ್ಟೆ ನೋಡುತ್ತ ಕೂತೆ. ನನಗೆ ಅವಳ ಮಾತು ಸುಳ್ಳೆನಿಸಲಿಲ್ಲ, ಅದೇ ಕಷ್ಟವಾಗಿದ್ದು. ಒಳಗೆ ಕೂತವನಿಗೆ ಹೊರಗಿನ ಸದ್ದೆಲ್ಲ ಕೇಳುತ್ತಿತ್ತು. ‘ಬಂದ ಬಂದ’ ಎಂಬ ಗದ್ದಲ ಎಷ್ಟು ಸಲ ಕೇಳಿಲ್ಲ? ಗದ್ದಲವಿಲ್ಲದ ಕೂಗುಗಳನ್ನು ನಾನು ಗಮನಿಸಿಯೇ ಇರಲಿಲ್ಲ.

“ನಾನು ಬೇಕು ಅಂತ ಮಾಡಿದೆ ಅಂತೀಯಾ?” ಭಾವನ ಧ್ವನಿ ಅಷ್ಟು ಸಣ್ಣಗಾದದ್ದು ನಾನು ಮೊದಲ ಸಲ ಕೇಳಿದೆ.

“ಇಲ್ಲ ಅಪ್ಪ. ಬೇಕು ಅಂತ ಮಾಡಿದ್ರೆ ನನಗೆ ಬರೆಯೋಕೆ ಏನೂ ಇರ್ತಿರ್ಲಿಲ್ಲ. ನೀವು ಒಳ್ಳೆಯವರಾಗಿದ್ದೂ ಹೀಗಾಗತ್ತೆ ಅನ್ನೋದೇ ನಾನು ನೋಡಿದ್ದು.”

ಇದು ಅವಳ ಮಟ್ಟಿಗೆ ಸಮಾಧಾನದ ಮಾತು. ಭಾವನಿಗೆ ಗಾಯಕ್ಕೆ ಉಪ್ಪು ಸವರಿದಂತಾಯಿತು. ಕೈ ತೊಳೆದು ಎದ್ದುಹೋದರು. ಇನ್ನು ಸ್ವಲ್ಪ ದಿನಕ್ಕೆ ಅವರ ನಿವೃತ್ತಿ. ಬೀಳ್ಕೊಡುಗೆಯ ದಿನ ನ್ಯಾಯಾಧೀಶರೇ ಅವರ ನಿಷ್ಪಕ್ಷಪಾತದ ಬಗ್ಗೆ ಎರಡು ಮಾತಾಡುತ್ತಾರೆ ಎಂದು ಕ್ಲರ್ಕ್ ಆಗಲೇ ಹೇಳಿ ಅವರನ್ನು ಉಬ್ಬಿಸಿದ್ದರು. ಪುಟ್ಟಿ ತನ್ನ ಪ್ರಬಂಧದಲ್ಲಿ ಯಾರ ಹೆಸರೂ ಹಾಕುವುದಿಲ್ಲ ನಿಜ. ಆದರೆ ನೀರು ಕುಡಿದು ಮೂರನೇ ಕೂಗು ಹಾಕುವ ಜವಾನ ಯಾರೆಂದು ನಮ್ಮ ಕೋರ್ಟಿನ ಗೋಡೆಗಳಿಗೂ ಗೊತ್ತು. ಮಗಳು ಬರೆದರೆ ಅಪ್ಪ ಕೂಡಿಟ್ಟದ್ದು ಹೋಯಿತು. ಬರೆಯದಿದ್ದರೆ ಅವಳು ಇಷ್ಟು ದಿನ ಕೂತದ್ದಕ್ಕೆ ಅರ್ಥವಿಲ್ಲ. ನಾನಾಗಿದ್ದರೆ ಬಾಯಿ ಮುಚ್ಚಿಕೊಂಡು ಬೇರೆ ಹಾಲಿಗೆ ಹೋಗಿ ಕೂರುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಅಂದಿನಿಂದ ಮನೆಯಲ್ಲಿ ಅಪ್ಪ ಮಗಳ ನಡುವೆ ಮಾತು ನಿಂತಿತು. “ನಿನ್ನ ಮಗಳಿಗೆ ದೀಪ ಆರಿಸೋಕೆ ಹೇಳು” ಎಂದು ಭಾವ ಅಕ್ಕನಿಗೆ ಹೇಳುವುದು. “ಆರಿಸ್ತೀನಿ ಅಂತ ಹೇಳಮ್ಮ” ಎಂದು ಪುಟ್ಟಿ ಅಕ್ಕನಿಗೆ ಹೇಳುವುದು. “ನಾನೇನು ಈ ಮನೆಯ ಅಂಚೆಯವಳಾ? ನೀವೇ ಬಡಿದಾಡಿಕೊಳ್ಳಿ” ಎಂದು ಅಕ್ಕ ರೇಗುವುದು. ಇದನ್ನೆಲ್ಲ ಅಕ್ಕ ನನಗೆ ಫೋನಿನಲ್ಲಿ ಹೇಳಿ, ಕೊನೆಗೆ ನನ್ನ ಮೇಲೂ ರೇಗಿ ಇಡುತ್ತಿದ್ದಳು.

ಕೋರ್ಟಿನಲ್ಲಿ ನಡೆದದ್ದು ಇದಕ್ಕಿಂತ ಕೆಟ್ಟದ್ದು. ಭಾವ ನಿಯಮಕ್ಕೆ ಜೋತುಬಿದ್ದರು. ಎಲ್ಲರಿಗೂ ಒಂದೇ ಆಗಬೇಕಲ್ಲ, ತಗೋ ಎಂಬಂತೆ ಮೂರು ಕೂಗನ್ನೂ ಒಂದೇ ಉಸಿರಿಗೆ ಕೂಗಲು ತೊಡಗಿದರು. ಗಂಟಲು ಸರಿ ಮಾಡಿಕೊಳ್ಳುವುದಿಲ್ಲ, ನೀರಿಲ್ಲ, ಕಟ್ಟೆಯ ಮೇಲೆ ಬಗ್ಗಿ ನೋಡುವುದಂತೂ ಇಲ್ಲವೇ ಇಲ್ಲ. ವರಾಂಡದಲ್ಲಿ ‘ಬಂದ ಬಂದ’ ಎಂದು ಕೈ ಎತ್ತಿದವರ ಕೈ ಗಾಳಿಯಲ್ಲೇ ಉಳಿಯಿತು. ವಕೀಲರು ಗೊಣಗಿದರು. ಮೈಕಣ್ಣನಿಗೆ ಏನಾಗಿದೆ ಎಂದು ನನ್ನನ್ನು ಕೇಳಿದರು. ವಯಸ್ಸಾಯಿತು ಎಂದೆ. ಅದು ವಯಸ್ಸಲ್ಲ, ಶುದ್ಧ ಹಟ ಎಂದು ನನಗೆ ಗೊತ್ತಿತ್ತು. ಪುಟ್ಟಿಗೂ ಗೊತ್ತಿತ್ತು. ಅವಳು ಬೆಂಚು ಬಿಡಲಿಲ್ಲ. ಅವಳೂ ಅದೇ ಅಪ್ಪನ ಮಗಳು ತಾನೇ.

ಹೀಗೆ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ಆ ಹೆಂಗಸಿನ ಅರ್ಜಿ ಬಂತು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು. ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿ ಪುಟ್ಟ ಮಗನನ್ನು ಇಟ್ಟುಕೊಂಡಿದ್ದರು. ಮಗನನ್ನು ವಾರಕ್ಕೊಮ್ಮೆಯಾದರೂ ನೋಡಲು ಬಿಡಿ, ಇಷ್ಟೇ ಅವಳ ಕೋರಿಕೆ. ಅವಳ ವಕೀಲರು ಅಂದು ಬೇರೆ ಕೋರ್ಟಿನಲ್ಲಿದ್ದರು, ಅವಳೇ ಎದುರು ನಿಂತು ಹೇಳಿಕೊಳ್ಳಬೇಕಿತ್ತು. ವರಾಂಡದ ತುಂಬ ಗಂಡನ ಅಣ್ಣ ತಮ್ಮಂದಿರು, ಅವರ ವಕೀಲರು. ಅವಳು ಎಂದಿನಂತೆ ಕೆಳಗೆ ನಲ್ಲಿಯ ಹತ್ತಿರ ಕೂತಿದ್ದಳು.

ಭಾವ ಅವಳ ಹೆಸರನ್ನು ಒಂದರ ಹಿಂದೆ ಒಂದು ಮೂರು ಸಲ ಕೂಗಿ ಒಳಗೆ ತಿರುಗಿದರು. ನ್ಯಾಯಾಧೀಶರು ಕಡತದಿಂದ ತಲೆಯೆತ್ತದೆ ಹೇಳಿದರು. ನಾನು ಟೈಪ್ ಮಾಡಿದೆ: ‘ಮೂರು ಬಾರಿ ಕೂಗಲಾಯಿತು. ಅರ್ಜಿದಾರರು ಗೈರು. ಅರ್ಜಿ ವಜಾ.’ ಸಾಲು ಮುಗಿಯುವಷ್ಟರಲ್ಲಿ ಅವಳು ಬಾಗಿಲಿಗೆ ಬಂದು ನಿಂತಳು. ಏದುಸಿರು ಬಿಡುತ್ತ, “ಕರೆದ್ರಾ ಸಾರ್?” ಎಂದಳು.

“ಕರೆದಾಯ್ತು. ವಜಾ ಆಗೋಯ್ತಮ್ಮ” ಎಂದರು ಭಾವ.

ಅವಳು ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ಭಾವನಿಗೆ ಒಂದು ದಾರಿಯಿತ್ತು, ನಿಯಮ ಹೇಳಿ ಗದರಬಹುದಿತ್ತು. “ಮೆಟ್ಟಿಲ ಮೇಲೇ ಇದ್ದೆ ಸಾರ್” ಎಂದಷ್ಟೇ ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನ ಮನೆಯವರು ನಗುತ್ತ ನಿಂತಿದ್ದ ವರಾಂಡದಲ್ಲಿ ಗೋಡೆಗೆ ಅಂಟಿಕೊಂಡು ನಡೆದು ಕೆಳಗಿಳಿದಳು.

ಮಧ್ಯಾಹ್ನ ಹಳೆಯ ಕಡತಗಳ ಕೋಣೆಯಲ್ಲಿ ನಾವು ಮೂವರೂ ಡಬ್ಬಿ ಮುಂದಿಟ್ಟುಕೊಂಡು ಕೂತೆವು. ಯಾರೂ ಮುಚ್ಚಳ ತೆಗೆಯಲಿಲ್ಲ. ಅಷ್ಟು ದಿನಗಳ ಮೇಲೆ ಭಾವ ಮಗಳೊಂದಿಗೆ ನೇರವಾಗಿ ಮಾತಾಡಿದರು.

“ನೀನು ಬೆಂಚಿನ ಮೇಲಿದ್ದೆ. ಅವಳು ಮೆಟ್ಟಿಲು ಹತ್ತಿ ಬರ್ತಿದ್ದದ್ದು ನಿನಗೆ ಕಾಣ್ತಿತ್ತು ಅಲ್ವಾ?”

“ಕಾಣ್ತಿತ್ತು.”

“ಬರ್ತಿದಾರೆ ಅಂತ ಒಂದು ಮಾತು ಅಂದಿದ್ರೆ ನಾನು ನಿಲ್ತಿದ್ದೆ.”

“ನಾನು ಬಾಯಿ ಹಾಕೋ ಹಾಗಿಲ್ಲ ಅಪ್ಪ. ನಿಮಗೆ ಗೊತ್ತು.”

“ನೀನು ನೋಡಿದ್ದು ಕೆಡಬಾರದು. ಸರಿ. ಅವಳು ಮಗೂನ ನೋಡೋದು ಕೆಟ್ರೆ ಪರವಾಗಿಲ್ಲ.”

ಪುಟ್ಟಿಯ ಮುಖ ಕೆಂಪಾಯಿತು. “ನೀವು ಯಾಕೆ ಒಂದೇ ಉಸಿರಿಗೆ ಕೂಗಿದ್ರಿ? ನನ್ನ ಮೇಲಿನ ಸಿಟ್ಟನ್ನ ಅವರ ಮೇಲೆ ತೀರಿಸಿಕೊಂಡ್ರಿ!”

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. “ಇಬ್ಬರೂ ಬಾಯಿ ಮುಚ್ಚಿ” ಎಂದೆ. ಭಾವನಿಗೆ ನಾನು ಎಂದೂ ಹಾಗೆ ಹೇಳಿದವನಲ್ಲ. “ಒಬ್ಬರಿಗೆ ಹಟ, ಒಬ್ಬಳಿಗೆ ನಿಯಮ. ಇಬ್ಬರದೂ ಸರಿ. ಟೈಪ್ ಮಾಡಿದ ನಂದೂ ಸರಿ. ಮೂರು ಸಲ ಕೂಗಿದ್ದು ನಿಜ, ಅವಳು ಗೈರು ಅನ್ನೋದೂ ನಿಜ. ಎಲ್ಲಾ ಸರಿ ಇದೆ. ಅವಳೊಬ್ಬಳು ಅಳ್ತಾ ಹೋದ್ಲು ಅಷ್ಟೇ.”

ಪುಟ್ಟಿ ಕಣ್ಣೊರೆಸಿಕೊಂಡಳು. ಭಾವ ಡಬ್ಬಿಯನ್ನು ಹಾಗೇ ಚೀಲಕ್ಕೆ ತುರುಕಿ ಎದ್ದು ನಡೆದರು.

ಮಧ್ಯಾಹ್ನದ ಕಲಾಪ ಶುರುವಾದಾಗ ಅವರು ಬಾಗಿಲಲ್ಲಿ ಇರಲಿಲ್ಲ. ನೋಡಿದರೆ ಸಾಕ್ಷಿಗಳು ನಿಲ್ಲುವ ಕಟಕಟೆಯ ಪಕ್ಕದಲ್ಲಿ ಬಂದು ಕೈ ಕಟ್ಟಿ ನಿಂತಿದ್ದಾರೆ. ಕ್ಲರ್ಕ್ ಕಣ್ಸನ್ನೆ ಮಾಡಿದರು, ಆಮೇಲೆ ಕೈಸನ್ನೆ ಮಾಡಿದರು. ಭಾವ ಕದಲಲಿಲ್ಲ. ಇಷ್ಟು ವರ್ಷ ಬೇರೆಯವರ ಹೆಸರುಗಳನ್ನು ಬಿಟ್ಟು ಆ ಹಾಲಿನಲ್ಲಿ ಒಂದು ಮಾತನ್ನೂ ಆಡದ ಮನುಷ್ಯ.

“ಸ್ವಾಮಿ, ಒಂದು ವಿಷಯ.”

ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿದರು.

“ಬೆಳಿಗ್ಗೆ ವಜಾ ಆದ ಅರ್ಜಿ, ಆ ಮಗೂನ ತಾಯಿದು. ನಾನು ಸರಿಯಾಗಿ ಕೂಗಲಿಲ್ಲ.”

“ಮೂರು ಸಲ ಕೂಗಿದ್ದು ನಾನೇ ಕೇಳಿದೀನಲ್ಲಪ್ಪ.”

“ಕೂಗಿದೆ ಸ್ವಾಮಿ. ಅವರು ಬರಲಿ ಅಂತ ಕೂಗಲಿಲ್ಲ.”

ಇನ್ನೊಂದು ಕೇಸಿಗೆಂದು ಅಲ್ಲೇ ಕೂತಿದ್ದ ಎದುರು ಕಡೆಯ ವಕೀಲರು ಎದ್ದು, ಆದೇಶವಾದ ಮೇಲೆ ಜವಾನನ ಮಾತು ಕೇಳುವ ಪದ್ಧತಿ ಎಲ್ಲಿದೆ ಎಂದು ಕೇಳಿದರು. ನ್ಯಾಯಾಧೀಶರು ಅವರಿಗೆ ಕೂರಲು ಹೇಳಿ ಭಾವನ ಕಡೆ ತಿರುಗಿದರು. “ಇದನ್ನ ಬರೆಸಬೇಕಾಗತ್ತೆ. ನಿನ್ನ ಮೇಲೆ ಬರತ್ತೆ. ನಿವೃತ್ತಿ ಹತ್ತಿರ ಇದೆ, ಯೋಚನೆ ಮಾಡು.”

“ಬರೆಸಿ ಸ್ವಾಮಿ.”

ಅವರು ಹೇಳಿದರು, ನಾನು ಬೆರಳಾಡಿಸಿದೆ. ‘ಹೆಸರು ಕೂಗುವಲ್ಲಿ ತನ್ನಿಂದ ಲೋಪವಾಗಿದೆಯೆಂದು ಜವಾನನು ಒಪ್ಪಿಕೊಂಡಿರುತ್ತಾನೆ.’ ಅಕ್ಕನ ಗಂಡನ ಬಗ್ಗೆ ನನ್ನ ಕೈಯಿಂದಲೇ ಅಂಥ ಸಾಲು ಬೀಳಬೇಕಾಗಿ ಬಂತಲ್ಲ ಎಂದು ನೋವಾಯಿತು. ಅದರ ಜೊತೆಗೇ, ಹೇಳಲು ನಾಚಿಕೆಯೇನು, ಎದೆಯೂ ಉಬ್ಬಿತು.

“ಮತ್ತೆ ಕೂಗು” ಎಂದರು ನ್ಯಾಯಾಧೀಶರು. “ಮೂರು ಸಲ. ಬಂದ್ರೆ ಕೇಳೋಣ. ಬರದಿದ್ರೆ ಬೆಳಗಿನ ಆದೇಶವೇ ಉಳಿಯತ್ತೆ.”

ಭಾವ ಬಾಗಿಲಿಗೆ ಹೋದರು. ಹೆಂಗಸು ಎಲ್ಲಿದ್ದಾಳೋ ಯಾರಿಗೆ ಗೊತ್ತು, ಹೋಗಿ ಎಷ್ಟೋ ಹೊತ್ತಾಗಿತ್ತು. ಅವರು ಬೆಂಚಿನ ಮೇಲಿದ್ದ ಮಗಳ ಕಡೆ ನೋಡಿದರಂತೆ. ನನಗೆ ಒಳಗಿಂದ ಕಂಡದ್ದು ಇಷ್ಟು: ಪುಟ್ಟಿ ಪೆನ್ನು ಕೆಳಗಿಟ್ಟಳು, ಎದ್ದಳು, ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರುತ್ತ ಇಳಿದು ಮಾಯವಾದಳು.

ಭಾವ ಮೊದಲ ಸಲ ಕೂಗಿದರು. ಇಡೀ ಕಟ್ಟಡಕ್ಕೆ ಕೇಳಿಸಿತು. ಎರಡನೇ ಸಲ ಕೂಗಿದರು. ಬೀದಿಗೂ ಕೇಳಿಸಿರಬೇಕು. ಆಮೇಲೆ ಬಾಟಲಿ ತೆಗೆದರು. ನೀರು ಕುಡಿದರು. ಮುಚ್ಚಳ ಹಾಕಿದರು. ಮತ್ತೆ ತೆಗೆದರು. ಎದುರು ಕಡೆಯ ವಕೀಲರು ಕೂತಲ್ಲೇ ಮಿಸುಕಾಡಿ, “ಮೂರನೇದು ಯಾವಾಗ ಬರತ್ತೆ ಅಂತ ಕೇಳಬಹುದಾ?” ಎಂದರು.

“ಏನಪ್ಪ, ಮೂರನೇದು?” ಎಂದು ನ್ಯಾಯಾಧೀಶರೂ ಕೇಳಿದರು.

“ಗಂಟಲು ಕಟ್ಟಿದೆ ಸ್ವಾಮಿ” ಎಂದರು ಮೈಕಣ್ಣ.

ಹಾಲಿಗೆ ಹಾಲೇ ನಕ್ಕಿತು. ನ್ಯಾಯಾಧೀಶರು ನಗಲಿಲ್ಲ. ಇನ್ನೊಂದು ಕಡತ ಎಳೆದುಕೊಂಡು ಅದರಲ್ಲಿ ತೀರಾ ಮಹತ್ವದ್ದೇನೋ ಇರುವಂತೆ ಓದತೊಡಗಿದರು. ಅವರು ಹಾಳೆ ತಿರುವುತ್ತಲೇ ಇಲ್ಲ ಎಂಬುದು ಪಕ್ಕದಲ್ಲೇ ಕೂತ ನನಗೆ ಕಾಣುತ್ತಿತ್ತು. ಭಾವ ಕಟ್ಟೆಯ ಮೇಲೆ ಅರ್ಧ ದೇಹ ಹೊರಚಾಚಿ ನಿಂತಿದ್ದರು.

ಆಗ ಅಂಗಳದಿಂದ ಕೇಳಿಸಿತು. “ಬಂದ್ರು ಅಪ್ಪಾ! ಬಂದ್ರು, ಬರ್ತಿದಾರೆ, ನಿಲ್ಲಿ!” ಮೈಕಣ್ಣನ ಮಗಳೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಅದೇ ಗಂಟಲು. ಅಲ್ಲಿಯವರೆಗೆ ಅವಳು ಅದನ್ನು ಬಳಸಿರಲಿಲ್ಲ ಅಷ್ಟೇ.

ಬಸ್ಸು ಹತ್ತದೆ ನಿಲ್ದಾಣದಲ್ಲೇ ಕೂತಿದ್ದ ಆ ತಾಯಿಯನ್ನು ಪುಟ್ಟಿ ಕೈ ಹಿಡಿದು ಎಳೆದುಕೊಂಡೇ ಬಂದಿದ್ದಳು. ಹೆಂಗಸು ಬಾಗಿಲಿಗೆ ಬಂದು ಭಾವನ ಎದುರಿಗೇ ನಿಂತಳು. ನಿಯಮ ನಿಯಮವೇ, ಮೂರನೇ ಕೂಗು ಬಾಕಿಯಿತ್ತು. ಭಾವ ಅವಳ ಮುಖ ನೋಡಿಕೊಂಡು, ಪಕ್ಕದ ಮನೆಯವರನ್ನು ಕರೆಯುವಷ್ಟು ಮೆಲ್ಲಗೆ ಅವಳ ಹೆಸರು ಹೇಳಿದರು.

“ಇದೀನಿ” ಎಂದಳು ಅವಳು.

ನ್ಯಾಯಾಧೀಶರು ಅವಳ ಮಾತು ಪೂರ್ತಿ ಕೇಳಿದರು. ಎದುರು ಕಡೆಯ ವಕೀಲರು ಹೇಳಬೇಕಾದ್ದನ್ನೂ ಕೇಳಿದರು. ಮುಂದಿನ ವಿಚಾರಣೆಯವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ತಾಯಿ ಆ ಮನೆಗೆ ಹೋಗಿ ಮಗನನ್ನು ನೋಡಬಹುದು, ಮನೆಯವರು ತಡೆಯಕೂಡದು ಎಂದು ಆದೇಶವಾಯಿತು. ನಾನು ಒಂದು ತಪ್ಪೂ ಇಲ್ಲದಂತೆ ಟೈಪ್ ಮಾಡಿದೆ. ಎಲ್ಲ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಸಂಜೆ ನಾವು ಮೂವರೂ ಇಳಿದು ಬರುವಾಗ ಅವಳು ಕೆಳಗೆ ಕಾದಿದ್ದಳು. ಆದೇಶದ ಪ್ರತಿ ಕೈಯಲ್ಲಿ ಹಿಡಿದು ನಿಂತವಳ ಮುಖದಲ್ಲಿ ನಾನು ಎಣಿಸಿದ್ದ ಸಂತೋಷ ಇರಲಿಲ್ಲ. “ಸಾರ್, ಭಾನುವಾರ ನಾನು ಒಬ್ಬಳೇ ಹೋಗ್ಬೇಕಾ?” ಎಂದು ಭಾವನನ್ನು ಕೇಳಿದಳು. “ಗೇಟಲ್ಲಿ ಅವರೆಲ್ಲ ನಿಂತಿರ್ತಾರೆ. ಮಗು ಮಲಗಿದೆ ಅಂತಾರೆ, ಊರಲ್ಲಿಲ್ಲ ಅಂತಾರೆ. ನಾನು ಏನನ್ಲಿ?”

ಪುಟ್ಟಿ ಅಪ್ಪನನ್ನು ನೋಡಿದಳು. ಇದು ಅವಳ ಓದಿಗೆ ಸೇರಿದ ಪ್ರಶ್ನೆಯೇ. ಇಡೀ ವರ್ಷ ಅವಳು ಕೇಳುತ್ತ ಬಂದದ್ದೇ ಇದು. ಕೋರ್ಟಿನ ಮೆಟ್ಟಿಲಿಳಿದ ಮೇಲೆ ಆದೇಶಕ್ಕೆ ಕಾಲು ಯಾರು ಕೊಡುತ್ತಾರೆ? ಆದರೆ ಅವಳು ಬರೆದುಕೊಳ್ಳಲಿಲ್ಲ. “ನಾನು ಬರ್ತೀನಿ ಅಕ್ಕ” ಎಂದಳು. “ನೀನೊಬ್ಬಳೇ ಯಾಕೆ, ನಾನೂ ಬರ್ತೀನಿ” ಎಂದರು ಭಾವ. ಅಪ್ಪ ಮಗಳು ಮತ್ತೆ ಮಾತಾಡತೊಡಗಿದ್ದು ಹೀಗೆ. ಕ್ಷಮೆ ಗಿಮೆ ಕೇಳುವ ವಂಶ ನಮ್ಮದಲ್ಲ.

ಆಮೇಲಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಭಾವನಿಗೆ ಮೇಲಿನಿಂದ ಎಚ್ಚರಿಕೆಯ ಪತ್ರ ಬಂತು. ಬೀಳ್ಕೊಡುಗೆಯಲ್ಲಿ ನ್ಯಾಯಾಧೀಶರು ಅವರ ಕಂಠವನ್ನು, ಸಮಯಪಾಲನೆಯನ್ನು ಹೊಗಳಿದರು. ನಿಷ್ಪಕ್ಷಪಾತದ ಮಾತೆತ್ತಲಿಲ್ಲ. ಎತ್ತಿದ್ದರೆ ಭಾವನೇ ತಡೆಯುತ್ತಿದ್ದರೇನೋ. ಪುಟ್ಟಿ ಓಡಿದ ದಿನದಿಂದಾಚೆಗೆ ಆ ಹಾಲಿನಲ್ಲಿ ನೋಡಿದ್ದನ್ನೆಲ್ಲ ಕೈಬಿಡಬೇಕೆಂದು ಅವಳ ಮೇಷ್ಟ್ರು ಹೇಳಿದರು. ಅವಳು ವಾದಿಸದೆ ಕೈಬಿಟ್ಟಳು. ಮೊದಲಿನದು ಉಳಿಯಿತು, ಮೂರನೇ ಕೂಗಿನ ಅಧ್ಯಾಯವೂ ಉಳಿಯಿತು. “ಬರೀ. ಇದ್ದದ್ದು ಇದ್ದ ಹಾಗೆ ಬರೀ. ನನ್ನ ಹೆಸರೂ ಹಾಕು” ಎಂದಿದ್ದರು ಭಾವ. “ಹೆಸರು ಹಾಕೋ ಹಾಗಿಲ್ಲ ಅಪ್ಪ, ಅದು ನಿಯಮ” ಎಂದಿದ್ದಳು ಅವಳು. “ನಿನ್ನ ನಿಯಮಕ್ಕೆ ಬೆಂಕಿ ಬೀಳ” ಎಂದು ಒಳಗಿನಿಂದ ಅಕ್ಕ ಹೇಳಿದ್ದಳು.

ಇನ್ನು ಆ ಭಾನುವಾರದ ಮಾತು. ನಾನು ಹೋಗಿರಲಿಲ್ಲ, ಪುಟ್ಟಿ ಹೇಳಿದ್ದು. ಇವರು ಮೂವರು ಹೋದಾಗ ಗೇಟಿಗೆ ಬೀಗ. ಗಂಡನ ಅಣ್ಣಂದಿರು ಒಳಗೆ ಜಗುಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. ಹುಡುಗ ಮನೆಯಲ್ಲಿಲ್ಲ ಎಂದರು. ತಾಯಿ ಆದೇಶದ ಪ್ರತಿ ಬಿಡಿಸಿದಳು. ಅದನ್ನು ಗೋಡೆಗೆ ಅಂಟಿಸಿಕೊ ಎಂದು ಒಬ್ಬ ನಕ್ಕ. ಪುಟ್ಟಿ ಕಾನೂನು ಹೇಳಲು ಬಾಯಿ ತೆರೆದಳು. ಭಾವ ಅವಳ ಭುಜದ ಮೇಲೆ ಕೈಯಿಟ್ಟು ಹಿಂದೆ ಸರಿಸಿ, ತಾಯಿಯ ಕಡೆ ತಿರುಗಿ ಹುಡುಗನ ಹೆಸರೇನೆಂದು ಕೇಳಿದರು. ಬೀದಿಯ ನಡುವೆ ಬಂದು ನಿಂತರು. ಗಂಟಲು ಸರಿ ಮಾಡಿಕೊಂಡು, ಆ ಪುಟ್ಟ ಹೆಸರನ್ನು ಆ ಬೀದಿಯ ಎಲ್ಲ ಕಿಟಕಿಗಳಿಗೂ ಕೇಳುವಂತೆ ಕೂಗಿದರು, “ನಿಮ್ಮಮ್ಮ ಬಂದಿದಾರೆ!” ಎಂದು ಸೇರಿಸಿ.

ಎರಡನೇ ಸಲ ಕೂಗಬೇಕಾಗಲಿಲ್ಲವಂತೆ. ಮಹಡಿಯ ಮೇಲಿಂದ “ಬಂದೇ ಅಮ್ಮಾ” ಎಂದು ಕಿರುಚಿಕೊಂಡು ಹುಡುಗ ಮೆಟ್ಟಿಲಿಳಿಯುವ ಸದ್ದು ಕೇಳಿಸಿತಂತೆ.